ಹನ್ನೊಂದು ಅಂಕದ ಕಾಲೇಜು

ಹೋದ ತಿಂಗಳು ಮಗನ ಹ್ಯಾಂಡ್‌ಬಾಲ್ ತಂಡದ ಅಂಗಿಗಳನ್ನು ತರಲು ಇಲ್ಲಿ ಜರ್ಮನಿಯ ಬೊಬ್ಲಿಂಗೆನ್ನಿನ ಒಂದು ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅಂಗಿಯ ಬೆನ್ನ ಮೇಲೆ ಪ್ಲಾಸ್ಟಿಕ್ಕಿನ ಅಂಕಿ ಇಟ್ಟು, ಬಿಸಿ ಪ್ರೆಸ್ಸಿನ ಮುಚ್ಚಳವನ್ನು ಎಳೆದು ಒತ್ತಿದ. ಮತ್ತೆ ಎತ್ತಿದಾಗ ಕರಗಿದ ಅಂಟು ಮತ್ತು ಕಾದ ಪಾಲಿಸ್ಟರ್ ಸೇರಿದ ವಾಸನೆ ಅಂಗಡಿಯ ತುಂಬ ಹರಡಿತು. ಇನ್ನೂ ಹನ್ನೆರಡು ಅಂಗಿ ಇವೆ, ಸ್ವಲ್ಪ ಕುಳಿತುಕೊಳ್ಳಿ ಎಂದ. ನಾನು ಕೂರಲಿಲ್ಲ. ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತೆ.

ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಆದರೂ ಆ ವಾಸನೆ ಬಡಿದರೆ ರೇಗನ್ಸ್‌ಬರ್ಗಿನ ಒಂದು ಚಳಿಗಾಲ ನೆನಪಾಗುತ್ತದೆ, ನೆನಪಾದಾಗಲೆಲ್ಲ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಪಟ್ಟಿ ದೊಡ್ಡದಿದೆ. ಅದರಲ್ಲಿ ನನ್ನ ಹೆಸರೂ ಇದೆ.

ಕಂಪ್ಯೂಟರ್ ಕಲಿತವರಿಗೆ ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳು ಅವು. ನಾನು ಒಬ್ಬಳೇ ಬಂದದ್ದು ೨೦೦೧ರ ಕೊನೆಯಲ್ಲಿ. ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಇಂಜಿನಿಯರಿಂಗ್ ಓದಿ, ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದೆ. ವಯಸ್ಸು ಇಪ್ಪತ್ತಾರು. ರೇಗನ್ಸ್‌ಬರ್ಗಿಗೆ ಬರುವ ನಮ್ಮ ಕಡೆಯವರೆಲ್ಲ ಕಾರಿನ ಬಿಡಿಭಾಗದ ಕಾರ್ಖಾನೆಗೋ ಚಿಪ್ ತಯಾರಿಸುವಲ್ಲಿಗೋ ಹೋಗುತ್ತಿದ್ದರು. ನನಗೆ ಸಿಕ್ಕಿದ್ದು ಆಟದ ಉಡುಪು ಮಾಡುವ ಕಂಪನಿ. ಊರಿನ ಹೊರಗೆ, ಡಾನ್ಯೂಬ್ ನದಿಯ ಆಚೆ ದಡದಲ್ಲಿ ಅದರ ಕಟ್ಟಡ. ಕೆಳಗಡೆ ಮಾದರಿ ಅಂಗಿಗಳನ್ನು ಪ್ರಿಂಟ್ ಮಾಡುವ ಹಾಲ್, ಅದರ ಮೇಲೆ ನಮ್ಮ ಆಫೀಸು. ಬಿಸಿ ಪ್ರೆಸ್ಸಿನ ವಾಸನೆ ಇಡೀ ದಿನ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಸಂಜೆ ಮನೆಗೆ ಹೋದರೆ ನನ್ನ ಸ್ವೆಟರಿನಲ್ಲೂ ಅದೇ.

ಕಂಪನಿ ಆಗ ಅಮೆರಿಕದ ಕಾಲೇಜುಗಳಿಗೆ ಅಂಗಿ, ಬೂಟು ಒದಗಿಸುತ್ತಿತ್ತು. ಅಲ್ಲಿ ಕಾಲೇಜು ಆಟವೆಂದರೆ ನಮ್ಮ ಅಂತರ ಕಾಲೇಜು ಪಂದ್ಯಗಳ ಹಾಗಲ್ಲ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. ದೊಡ್ಡ ಕಾಲೇಜುಗಳ ಆಟವನ್ನು ದೇಶವೆಲ್ಲ ಟಿವಿಯಲ್ಲಿ ನೋಡುತ್ತದೆ. ಓದಿ ಹೊರಗೆ ಹೋದವರು ಮುದುಕರಾದರೂ ಕಾಲೇಜಿನ ಟೋಪಿ ಹಾಕಿಕೊಂಡು ತಿರುಗುತ್ತಾರೆ. ಅಂಥ ಕಾಲೇಜಿಗೆ ಕಂಪನಿಗಳು ಅಂಗಿಯನ್ನು ಪುಕ್ಕಟೆ ಕೊಟ್ಟು, ಮೇಲೆ ದುಡ್ಡನ್ನೂ ಕೊಡುತ್ತವೆ. ಪ್ರತಿಯಾಗಿ ಆಟಗಾರರ ಎದೆಯ ಮೇಲೆ ಕಂಪನಿಯ ಗುರುತು ಇರಬೇಕು, ಅಷ್ಟೆ. ಸಣ್ಣ ಕಾಲೇಜುಗಳು ಅರ್ಧ ಬೆಲೆಗೆ ಕೊಳ್ಳುತ್ತವೆ. ಇನ್ನೂ ಸಣ್ಣವು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತವೆ, ಗುರುತನ್ನು ಮಾತ್ರ ಪುಕ್ಕಟೆ ಹೊತ್ತು ತಿರುಗುತ್ತವೆ.

ಈ ವಿಭಾಗದ ಮುಖ್ಯಸ್ಥರು ಹೆರ್ ಲಿಂಡ್ನರ್, ಅಂದರೆ ಶ್ರೀ ಲಿಂಡ್ನರ್. ನಲವತ್ತರ ಆಸುಪಾಸಿನವರು, ಅಚ್ಚುಕಟ್ಟು ಮನುಷ್ಯ, ಎಂದೂ ದನಿ ಎತ್ತಿ ಮಾತಾಡಿದವರಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಪ್ರೋಗ್ರಾಂ. ಪ್ರತಿ ಕಾಲೇಜಿನ ಹೆಸರಿಗೆ ಎಷ್ಟು ಬೆಲೆ ಇದೆ ಎಂದು ನೂರಕ್ಕೆ ಇಷ್ಟು ಅಂಕ ಹಾಕಿ ಅದು ಹೇಳಬೇಕು. ಟಿವಿಯಲ್ಲಿ ಬಂದ ಗಂಟೆಗಳು, ಓದಿ ಹೋದವರ ಸಂಖ್ಯೆ, ಟೋಪಿ ಮತ್ತು ಬನಿಯನ್ ಎಷ್ಟು ಮಾರಾಟವಾಯಿತು ಎನ್ನುವುದು, ಎಲ್ಲ ಕೂಡಿಸಿ ಒಂದೇ ಸಂಖ್ಯೆ. ಅದರ ಪ್ರಕಾರ ಕಾಲೇಜುಗಳು ನಾಲ್ಕು ಗುಂಪು. ನಲವತ್ತಕ್ಕಿಂತ ಕಡಿಮೆ ಬಂದವು ನಾಲ್ಕನೆಯ ಗುಂಪಿಗೆ. ಅವಕ್ಕೆ ಒಪ್ಪಂದವಿಲ್ಲ, ಅರವತ್ತು ಅಂಗಿಗಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳುವುದೂ ಇಲ್ಲ. ಅಂಥ ಕಾಲೇಜಿನ ಆರ್ಡರ್ ಬಂದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಗೆಶ್ಪೆರ್ಟ್’, ಅಂದರೆ ತಡೆಹಿಡಿದಿದೆ, ಎಂದು ಬಂದು ಅಲ್ಲೇ ತಡೆ ಬೀಳಬೇಕು.

ಆ ಪ್ರೋಗ್ರಾಂ ಬರೆದದ್ದು ನಾನು. ವಾರಕ್ಕೊಮ್ಮೆ ಲಿಂಡ್ನರ್ ಲೆಕ್ಕದ ಕ್ರಮ ಬದಲಿಸುತ್ತಿದ್ದರು, ನಾನು ಮತ್ತೆ ಬರೆಯುತ್ತಿದ್ದೆ. ಹುಡುಗಿಯರ ಆಟಗಳನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಎಂದು ಒಮ್ಮೆ ಕೇಳಿದೆ. ಟಿವಿಯಲ್ಲಿ ಬಂದರೆ ಟಿವಿಯ ಅಂಕದಲ್ಲೇ ಬರುತ್ತದಲ್ಲ ಎಂದರು. ಬರುವುದಿಲ್ಲವಲ್ಲ ಎಂದೆ. ಹಾಗಾದರೆ ಅದೇ ಉತ್ತರ ಎಂದರು. ನನಗೆ ಮರುಮಾತು ಹೊಳೆದಾಗ ಬಸ್ಸಿನಲ್ಲಿದ್ದೆ.

ಕಾಲೇಜುಗಳ ವಿವರವೆಲ್ಲ ಅದುವರೆಗೆ ಇದ್ದದ್ದು ಫ್ರಾವ್ ವೈಗಲ್, ಅಂದರೆ ಶ್ರೀಮತಿ ವೈಗಲ್, ಅವರ ಕಾರ್ಡುಗಳಲ್ಲಿ. ಐವತ್ತೊಂಬತ್ತರ ಹೆಂಗಸು, ಸಣ್ಣ ಕಾಲೇಜುಗಳ ಆರ್ಡರುಗಳನ್ನು ಮೊದಲಿನಿಂದಲೂ ಒಬ್ಬರೇ ನೋಡಿಕೊಂಡು ಬಂದವರು. ಬೂಟಿನ ಡಬ್ಬಿಗಳಲ್ಲಿ ಸಾಲಾಗಿ ನಿಲ್ಲಿಸಿದ ಕಾರ್ಡುಗಳನ್ನು ಅವರು ಓದುವುದು, ನಾನು ಕಂಪ್ಯೂಟರಿಗೆ ಹಾಕುವುದು. ನನ್ನ ಮುರುಕು ಜರ್ಮನ್, ಅವರ ಅರೆಬರೆ ಇಂಗ್ಲಿಷ್, ಎರಡರಲ್ಲೂ ಕೆಲಸ ಸಾಗುತ್ತಿತ್ತು. ಕಾರ್ಡಿನಲ್ಲಿ ಏನೇನೋ ಇರುತ್ತಿತ್ತು. ‘ಆರನೆಯ ನಂಬರಿನ ಹುಡುಗಿ ಬಹಳ ಎತ್ತರ, ತೋಳು ಎರಡು ಸೆಂಟಿಮೀಟರ್ ಉದ್ದ ಬೇಕು.’ ‘ಹಸಿರು ಬಣ್ಣ ತೊಳೆದರೆ ಬಿಡುತ್ತದೆ ಎಂದು ದೂರು, ಈ ಸಲ ಬೇರೆ ಬಟ್ಟೆ.’ ‘ಕೋಚಿನ ತಾಯಿಗೆ ಹುಷಾರಿಲ್ಲ, ಫೋನ್ ಮಾಡಿದಾಗ ಕೇಳಬೇಕು.’ ಇದನ್ನೆಲ್ಲ ಎಲ್ಲಿ ಹಾಕಲಿ ಎಂದು ಕೇಳಿದರೆ ನನ್ನ ಪರದೆಯನ್ನು ನೋಡಿ, ಜಾಗವಿಲ್ಲದಿದ್ದರೆ ಬಿಡಿ ಎನ್ನುತ್ತಿದ್ದರು. ಕಾರ್ಡು ಮುಗಿದ ಮೇಲೆ ತನಗೆ ಕೆಲಸವಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ವರ್ಷದ ಕೊನೆಗೆ ಅವರನ್ನು ನಿವೃತ್ತಿಗೊಳಿಸುವುದಾಗಿ ಕಂಪನಿ ಹೇಳಿಯಾಗಿತ್ತು.

೨೦೦೨ರ ಅಕ್ಟೋಬರ್ ಹೊತ್ತಿಗೆ ನನ್ನದೇ ಒಂದು ತಾಪತ್ರಯ ಶುರುವಾಯಿತು. ಕಂಪನಿಯೊಂದಿಗೆ ನನ್ನ ಒಪ್ಪಂದ ಮೊದಲು ಒಂದೇ ವರ್ಷದ್ದು. ಅದು ಮುಂದುವರಿದರೆ ಮಾತ್ರ ಇಲ್ಲಿರುವ ಪರವಾನಗಿಯೂ ಮುಂದುವರಿಯುತ್ತದೆ. ಕಾಗದಪತ್ರ ಮತ್ತೆ ಕೊಡಬೇಕಾಗಿ ಬಂತು. ಪರವಾನಗಿ ಕೊಡುವ ಸರ್ಕಾರಿ ಕಚೇರಿಯ ಹೆಂಗಸು ಸೌಜನ್ಯದಿಂದಲೇ ಕೇಳಿದರು: ಡಿಗ್ರಿ ಸರ್ಟಿಫಿಕೇಟಿನಲ್ಲಿ ಒಂದು ವಿಶ್ವವಿದ್ಯಾಲಯದ ಹೆಸರಿದೆ, ಅಂಕಪಟ್ಟಿಯಲ್ಲಿ ಒಂದು ಕಾಲೇಜಿನ ಹೆಸರಿದೆ, ನೀವು ಓದಿದ್ದು ಎಲ್ಲಿ? ಎರಡೂ ಒಂದೇ ಎಂದು ವಿವರಿಸಿದೆ. ಅವರ ಪಟ್ಟಿಯಲ್ಲಿ ವಿಶ್ವವಿದ್ಯಾಲಯವಿತ್ತು, ನಮ್ಮ ಕಾಲೇಜು ಇರಲಿಲ್ಲ. ಅದು ಇದಕ್ಕೆ ಸೇರಿದ್ದು ಎಂದು ಕಾಲೇಜಿನಿಂದಲೇ ಪತ್ರ ತನ್ನಿ ಎಂದರು. ಊರಿಗೆ ಫೋನ್ ಮಾಡಿದೆ. ಪ್ರಿನ್ಸಿಪಾಲರು ರಜೆಯಲ್ಲಿದ್ದರು. ಆಮೇಲೆ ಪತ್ರ ಬಂತು, ಸೀಲ್ ಇರಲಿಲ್ಲ. ಮತ್ತೆ ಬಂದದ್ದರಲ್ಲಿ ಸೀಲ್ ಇತ್ತು, ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಹಗಲೆಲ್ಲ ನಾನು ಅಮೆರಿಕದ ಕಾಲೇಜುಗಳ ಹೆಸರಿಗೆ ಬೆಲೆ ಕಟ್ಟುವುದು, ಸಂಜೆ ನಮ್ಮ ಕಾಲೇಜಿನ ಹೆಸರಿಗೆ ಬೆಲೆ ಇದೆ ಎಂದು ಯಾರಿಗೋ ಒಪ್ಪಿಸುವುದು. ನವೆಂಬರ್ ಮೊದಲ ವಾರ ಮೂರನೆಯ ಪತ್ರ ಸರಿಯಾಗಿ ಬಂತು. ಇನ್ನು ಬೇಕಾಗಿದ್ದದ್ದು ಹೊಸ ಒಪ್ಪಂದದ ಮೇಲೆ ಲಿಂಡ್ನರ್ ಅವರ ಸಹಿ.

ಅದೇ ವಾರ ಪ್ರೋಗ್ರಾಂ ನಿಜವಾದ ಕೆಲಸ ಶುರುಮಾಡಿತು. ಮೂರನೆಯ ದಿನ ಫ್ರಾವ್ ವೈಗಲ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಒಂದು ಆರ್ಡರ್ ಕಾಗದ. ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಿನ ಕಾಲೇಜು, ಹುಡುಗಿಯರ ವಾಲಿಬಾಲ್ ತಂಡ. ಬೇಕಾದದ್ದು ಹದಿನಾಲ್ಕು ಕೆಂಪು ಅಂಗಿ, ಜೊತೆಗೆ ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಲಿಬರೊ ಹುಡುಗಿಗೆ ಒಂದು ಬಿಳಿಯದು. ಬೇಸಿಗೆಯಲ್ಲೇ ಫ್ರಾವ್ ವೈಗಲ್ ಅರ್ಧ ಬೆಲೆಗೆ ಕೊಡುವುದಾಗಿ ಬಾಯಿಮಾತಿನಲ್ಲಿ ಒಪ್ಪಿದ್ದರು. ತಂಡ ಆ ವರ್ಷ ಚೆನ್ನಾಗಿ ಆಡಿ ಡಿಸೆಂಬರಿನ ದೊಡ್ಡ ಪಂದ್ಯಾವಳಿಗೆ ಆಯ್ಕೆಯಾಗಿತ್ತು. ನನ್ನ ಪ್ರೋಗ್ರಾಂ ಆ ಕಾಲೇಜಿಗೆ ಹಾಕಿದ್ದ ಅಂಕ ಹನ್ನೊಂದು. ಆರ್ಡರ್ ತಡೆಯಾಗಿತ್ತು.

ಹನ್ನೊಂದು ಎಂದರೆ ತೀರ ಕಡಿಮೆ. ಎಲ್ಲೋ ತಪ್ಪಾಗಿದೆ ಎನಿಸಿ ನಾನೇ ಕಾಲೇಜಿಗೆ ಫೋನ್ ಮಾಡಿದೆ. ನಮಗೆ ಮಧ್ಯಾಹ್ನ ನಾಲ್ಕು ಗಂಟೆ, ಅವರಿಗೆ ಬೆಳಿಗ್ಗೆ. ಕೋಚ್ ಡಾನಾ ಎಂಬ ಹೆಂಗಸು ಮಾತಾಡಿದಳು. ಕಾಲೇಜು ಮೊದಲು ಹೆಣ್ಣುಮಕ್ಕಳದಾಗಿತ್ತಂತೆ, ಎರಡು ವರ್ಷದ ಹಿಂದೆ ಹುಡುಗರನ್ನೂ ಸೇರಿಸಿಕೊಂಡು ಹೆಸರು ಬದಲಿಸಿದ್ದರಂತೆ. ನಮ್ಮ ಲೆಕ್ಕದಲ್ಲಿ ಓದಿ ಹೋದವರೆಲ್ಲ ಹಳೆಯ ಹೆಸರಿನ ಕೆಳಗೆ ಉಳಿದಿದ್ದರು, ಹೊಸ ಹೆಸರಿನ ಕೆಳಗೆ ಯಾರೂ ಇರಲಿಲ್ಲ. ಸರಿ ಮಾಡುತ್ತೇನೆ ಎಂದೆ. ನೀವೂ ಆಡುತ್ತಿದ್ದಿರಾ ಎಂದು ಕೇಳಿದಳು. ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದೆ ಎಂದೆ. ನಮ್ಮ ತಂಡದಲ್ಲಿ ಹತ್ತು ಜನ, ನಂಬರ್ ಇದ್ದ ಅಂಗಿ ಏಳು. ಆಟದ ನಡುವೆ ಒಬ್ಬಳು ಹೊರಗೆ ಬಂದರೆ ಇಬ್ಬರು ದುಪಟ್ಟಾ ಅಡ್ಡ ಹಿಡಿದು, ಅವಳ ಬೆವರಿದ ಅಂಗಿಯನ್ನು ಒಳಗೆ ಹೋಗುವವಳಿಗೆ ತೊಡಿಸಿ ಕಳಿಸುತ್ತಿದ್ದೆವು. ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು. ಆಮೇಲೆ, “ಹಾಗಾದ್ರೆ ನಿಮಗೆ ನಾನು ಏನೂ ಬಿಡಿಸಿ ಹೇಳಬೇಕಾಗಿಲ್ಲ” ಎಂದಳು.

ಹಳೆಯ ಹೆಸರನ್ನು ಹೊಸದಕ್ಕೆ ಸೇರಿಸಿ ಪ್ರೋಗ್ರಾಂ ಮತ್ತೆ ಓಡಿಸಿದೆ. ಹನ್ನೊಂದು ಮೂವತ್ತನಾಲ್ಕಾಯಿತು. ಬೇಕಾದದ್ದು ನಲವತ್ತು. ನಾಲ್ಕು ಸಲ ಓಡಿಸಿದೆ, ಮೂವತ್ತನಾಲ್ಕೇ. ಬರೆದವಳೇ ನಾನು, ಬೇರೆ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಓಡಿಸಿದೆ.

ಮರುದಿನ ಫ್ರಾವ್ ವೈಗಲ್ ತಡೆ ತೆಗೆಯಬೇಕೆಂದು ಲಿಂಡ್ನರ್ ಅವರಿಗೆ ಬರೆದು ಕೊಟ್ಟರು. ಅವರು ನಮ್ಮಿಬ್ಬರನ್ನೂ ಕರೆದರು. ಈ ಅಂಗಿಗಳನ್ನು ಹೊಲಿಯುವುದು ಎರಡು ದಿನದ ಕೆಲಸ ಎಂದು ಫ್ರಾವ್ ವೈಗಲ್ ಹೇಳಿದರು, ಮಾತು ಕೊಟ್ಟಿದ್ದೇನೆ ಎಂದರು. ಲಿಂಡ್ನರ್ ತಾಳ್ಮೆಯಿಂದ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಒಂದಕ್ಕೆ ಬಿಟ್ಟರೆ ಎಲ್ಲದಕ್ಕೂ ಬಿಡಬೇಕಾಗುತ್ತೆ. ಆಮೇಲೆ ನಿಮ್ಮ ಪ್ರೋಗ್ರಾಂ ಯಾಕೆ ಬೇಕು?” ಎಂದರು. ಹಾಗೆಯೇ ಮೇಜಿನ ಮೇಲಿನ ಫೈಲನ್ನು ಬೆರಳಿಂದ ತಟ್ಟಿ, “ಅಂದ ಹಾಗೆ ನಿಮ್ಮ ಒಪ್ಪಂದ ಇಲ್ಲೇ ಇದೆ. ಶುಕ್ರವಾರ ಸಹಿ ಮಾಡ್ತೀನಿ” ಎಂದರು.

ಅದು ಬೆದರಿಕೆಯೋ, ಸುಮ್ಮನೆ ನೆನಪಾಗಿ ಹೇಳಿದ್ದೋ ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಹೆಚ್ಚು ಕಾಡುತ್ತದೆ. ಬೆದರಿಕೆ ಎಂದು ಖಾತ್ರಿಯಾಗಿದ್ದರೆ ನನಗೊಂದು ನೆಪವಾದರೂ ಸಿಗುತ್ತಿತ್ತು.

ಸಂಜೆ ಬಸವರಾಜಣ್ಣನ ಮನೆಗೆ ಹೋದೆ. ಧಾರವಾಡದವರು, ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇಂಜಿನಿಯರ್. ಅವರು ಮತ್ತು ಅವರ ಹೆಂಡತಿ ಶೈಲಾ ವೈನಿ ಆ ಊರಿನಲ್ಲಿ ನನಗಿದ್ದ ಒಂದೇ ಮನೆ. ನದಿಯಿಂದ ಎದ್ದ ಮಂಜು ಬೀದಿದೀಪಗಳನ್ನೂ ನುಂಗಿತ್ತು, ಮನೆಯ ನಂಬರ್ ಹುಡುಕಿಕೊಂಡು ಹೋಗಬೇಕಾಯಿತು. ತಡೆ ತೆಗೆಯುವುದು ಒಂದೇ ಸಾಲಿನ ಕೆಲಸ, ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ, ಹದಿನೈದು ಅಂಗಿ ಹೊಲಿದು ಕಳಿಸಿದರೆ ತಿಂಗಳವರೆಗೆ ಯಾರಿಗೂ ತಿಳಿಯುವುದಿಲ್ಲ ಎಂದು ಹೇಳಿದೆ. ಬಸವರಾಜಣ್ಣನ ಕಂಪನಿಯಲ್ಲಿ ಅದೇ ತಿಂಗಳು ಇಬ್ಬರು ಗ್ರೀನ್ ಕಾರ್ಡಿನ ಹುಡುಗರ ಕೆಲಸ ಹೋಗಿತ್ತು, ಒಬ್ಬ ಟಿಕೆಟ್ ತೆಗೆಸಿದ್ದ.

ವೈನಿ ರೊಟ್ಟಿ ಬಡಿಸುತ್ತ, “ಮೊದ್ಲ ನಿನ್ನ ಕಾಗದ ಕೈಗೆ ಬರ್ಲಿ ಸುಮಂಗಲಾ. ಅವ್ರಿಗೆ ಅಂಗಿ ಇಲ್ಲಂದ್ರ ಬ್ಯಾರೆ ಅಂಗಿ ಹಾಕ್ಕೊಂಡು ಆಡ್ತಾರ. ನಿನಗ ಈ ಕೆಲಸ ಇಲ್ಲಂದ್ರ ಏನ್ ಮಾಡ್ತೀ?” ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಅಲ್ಲಿಗೆ ಹೋದದ್ದೇ ಯಾರಾದರೂ ಹಾಗೆ ಹೇಳಲಿ ಎಂದು.

ಗುರುವಾರ ಫ್ರಾವ್ ವೈಗಲ್ ಕೋಟು ಹಾಕಿಕೊಂಡು ಹೊರಟವರು ನನ್ನ ಬಳಿ ನಿಂತು ಕೇಳಿದರು: “ನಿಮಗೆ ಅದನ್ನ ತೆಗೆಯೋಕೆ ಬರುತ್ತಾ?”

“ಬರುತ್ತೆ,” ಎಂದೆ. “ಆದರೆ ನನ್ನಿಂದ ಆಗಲ್ಲ.”

ಅವರು ತಲೆಯಾಡಿಸಿದರು. ಮತ್ತೆ ತಮ್ಮ ಮೇಜಿಗೆ ಹೋಗಿ, ಕೋಟು ಬಿಚ್ಚದೆಯೇ ಅಮೆರಿಕಕ್ಕೆ ಫೋನ್ ಹಚ್ಚಿದರು. ಅಂಗಿ ಬರುವುದಿಲ್ಲ ಎಂದು ಅವರೇ ಹೇಳಿದರು, ತನ್ನ ತಪ್ಪು ಎಂದರು, ನನ್ನ ಹೆಸರಾಗಲಿ ಲಿಂಡ್ನರ್ ಹೆಸರಾಗಲಿ ಎತ್ತಲಿಲ್ಲ. ಶುಕ್ರವಾರ ನನ್ನ ಒಪ್ಪಂದಕ್ಕೆ ಸಹಿ ಬಿತ್ತು. ಲಿಂಡ್ನರ್ ಕೈಕುಲುಕಿ, ನಿಮ್ಮ ಶಿಸ್ತು ಇಷ್ಟವಾಯಿತು ಎಂದರು. ಮನೆಗೆ ಬಂದು ಅಡುಗೆ ಮಾಡದೆ ಮಲಗಿದೆ.

ಡಿಸೆಂಬರಿನಲ್ಲಿ ಫ್ರಾವ್ ವೈಗಲ್ ಅವರಿಗೆ ಬೀಳ್ಕೊಡುಗೆಯಾಯಿತು. ಕೇಕು, ಹೂವು, ಲಿಂಡ್ನರ್ ಅವರ ಎರಡು ನಿಮಿಷದ ಭಾಷಣ. ಮರುದಿನ ಸ್ವಚ್ಛ ಮಾಡುವವರು ಬೂಟಿನ ಡಬ್ಬಿಗಳನ್ನೆಲ್ಲ ಕಾಗದದ ಕಸದ ಗಾಡಿಗೆ ಹಾಕಿಕೊಂಡು ಹೋದರು. ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಒಬ್ಬರು ನನ್ನನ್ನು ಕೇಳಿದರು. ಹೌದು ಎಂದೆ. ಅದು ಸುಳ್ಳು ಎಂದು ನನಗಿಂತ ಚೆನ್ನಾಗಿ ತಿಳಿದವರು ಆ ಕಟ್ಟಡದಲ್ಲಿ ಯಾರೂ ಉಳಿದಿರಲಿಲ್ಲ.

ಜನವರಿಯ ಎರಡನೆಯ ಸೋಮವಾರ ಅಂಕಗಳ ಹೊಸ ಪಟ್ಟಿ ಬಂತು. ಆ ಕಾಲೇಜಿನ ಮುಂದೆ ಎಪ್ಪತ್ತೊಂದು ಎಂದಿತ್ತು. ತಪ್ಪಿರಬೇಕು ಎಂದುಕೊಂಡೆ. ಬಿಡಿಸಿ ನೋಡಿದರೆ ಎಲ್ಲ ಟಿವಿಯ ಗಂಟೆಗಳು. ಪಂದ್ಯಾವಳಿಯಲ್ಲಿ ದೊಡ್ಡ ದೊಡ್ಡ ಕಾಲೇಜುಗಳನ್ನು ಸೋಲಿಸಿ ಆ ಹುಡುಗಿಯರು ಕೊನೆಯ ಪಂದ್ಯದವರೆಗೆ ಹೋಗಿದ್ದರು. ಅಷ್ಟು ಸಣ್ಣ ಊರಿನ ಕಾಲೇಜು ಎಂದು ಟಿವಿಯವರಿಗೆ ಅದೇ ಸುದ್ದಿಯಾಗಿತ್ತು. ಲಿಂಡ್ನರ್ ಎಲ್ಲಿಂದಲೋ ಒಂದು ಫೋಟೋ ತರಿಸಿದರು. ಹುಡುಗಿಯರು ನೆಗೆದಿದ್ದಾರೆ, ಕೆಂಪು ಅಂಗಿ, ಬಿಳಿ ಅಂಕಿ, ಎದೆಯ ಮೇಲೆ ಯಾವ ಕಂಪನಿಯ ಗುರುತೂ ಇಲ್ಲ. ಲಿಂಡ್ನರ್ ಆ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದರು.

ಅಂದೇ ಸ್ಪೀಕರ್ ಹಾಕಿ ಡಾನಾಗೆ ಫೋನ್ ಮಾಡಿದರು, ಅಂಕಿ ಅಂಶ ಕೇಳಿದರೆ ಹೇಳಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಂಗಿ, ಬೂಟು, ಬ್ಯಾಗು ಎಲ್ಲ ಪುಕ್ಕಟೆ ಎಂದರು, ಮೂರು ವರ್ಷದ ಒಪ್ಪಂದ, ಮೇಲೆ ಕಾಲೇಜಿಗೆ ಹಣ ಎಂದರು. ಡಾನಾ ಮಧ್ಯೆ ಬಾಯಿ ಹಾಕದೆ ಕೇಳಿದಳು.

“ನಮ್ಮೂರಲ್ಲಿ ಬ್ಯಾಂಡಿನವರಿಗೆ ಯೂನಿಫಾರ್ಮ್ ಹೊಲಿಯೋ ಒಬ್ಬರಿದ್ದಾರೆ,” ಎಂದಳು. “ಐದು ದಿನದಲ್ಲಿ ಹದಿನೈದು ಅಂಗಿ ಹೊಲಿದುಕೊಟ್ಟರು. ಇನ್ನು ಮುಂದೆಯೂ ಅವರಿಗೇ ಅಂತ ಮಾತು ಕೊಟ್ಟಿದೀವಿ.” ಆಮೇಲೆ, “ಫ್ರಾವ್ ವೈಗಲ್ ಇಲ್ವಾ?” ಎಂದು ಕೇಳಿದಳು.

ನಿವೃತ್ತರಾದರು ಎಂದರು ಲಿಂಡ್ನರ್.

“ಅವರು ಕೇಳಿದ್ದರೆ ಯೋಚನೆ ಮಾಡ್ತಿದ್ದೆ,” ಎಂದಳು ಡಾನಾ. ನಾನು ಅದೇ ಕೋಣೆಯಲ್ಲಿ ಇದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ಮೇಲಿನವರು ಉತ್ತರ ಕೇಳುತ್ತಾರೆ, ಒಂದು ವರದಿ ಬರೆಯಿರಿ ಎಂದು ಲಿಂಡ್ನರ್ ನನಗೆ ಹೇಳಿದರು. ನವೆಂಬರಿನಲ್ಲಿ ಈ ಕಾಲೇಜಿನ ಬೆಲೆ ಪ್ರೋಗ್ರಾಮಿಗೆ ಕಾಣಲಿಲ್ಲ, ಮುಂದೆ ಕಾಣುವಂತೆ ಸರಿಪಡಿಸಲಾಗುವುದು, ಇಷ್ಟು ಬರೆದರೆ ಸಾಕು ಎಂದರು. ಎರಡು ದಿನ ತೆಗೆದುಕೊಂಡು ಬರೆದೆ. ಅವರು ಹೇಳಿದ್ದನ್ನು ಬರೆದು, ಕೆಳಗೆ ನಾನೇ ಸೇರಿಸಿದೆ: ಪ್ರೋಗ್ರಾಮಿಗೆ ಕಾಣದ್ದು ಫ್ರಾವ್ ವೈಗಲ್ ಅವರಿಗೆ ಕಂಡಿತ್ತು, ಅವರು ಲಿಖಿತವಾಗಿ ಕೇಳಿದರು, ತಡೆಯನ್ನು ಹೆರ್ ಲಿಂಡ್ನರ್ ತೆಗೆಸಲಿಲ್ಲ, ಪಾಸ್‌ವರ್ಡ್ ಇದ್ದ ನಾನೂ ತೆಗೆಯಲಿಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡು ಕೊಟ್ಟೆ. ನವೆಂಬರಿನಲ್ಲಿ ಇಲ್ಲದ ಧೈರ್ಯ ಜನವರಿಯಲ್ಲಿ ಬಂದಿತ್ತು, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಲಿಂಡ್ನರ್ ಮೊದಲ ಪುಟ ಓದಿ, ಚೆನ್ನಾಗಿದೆ ಎಂದು ಫೈಲಿಗೆ ಹಾಕಿದರು. ಎರಡನೆಯ ಪುಟ ತಿರುಗಿಸಲಿಲ್ಲ. ಮೇಲಿನವರೂ ತಿರುಗಿಸಿದ ಹಾಗಿಲ್ಲ. ಯಾರೂ ಕರೆಯಲಿಲ್ಲ, ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ಶನಿವಾರ ಫ್ರಾವ್ ವೈಗಲ್ ಅವರ ಮನೆಗೆ ಫೋನ್ ಮಾಡಿದೆ. ಹಿಂದಿನ ಅಂಗಳದಲ್ಲಿ ಹಿಮ ಗುಡಿಸುತ್ತಿದ್ದರಂತೆ, ಏದುಸಿರು ಬಿಡುತ್ತಿದ್ದರು. ಎಲ್ಲ ಹೇಳಿದೆ. ಎಪ್ಪತ್ತೊಂದು ಅಂಕ, ಗುರುತಿಲ್ಲದ ಕೆಂಪು ಅಂಗಿ, ಬ್ಯಾಂಡಿನ ಬಟ್ಟೆ ಹೊಲಿಯುವವರು, ಲಿಂಡ್ನರ್ ಏನೇನು ಕೊಡಲು ಹೋದರು, ಡಾನಾ ಏನೆಂದಳು, ನನ್ನ ವರದಿ, ಎಲ್ಲ. ನವೆಂಬರಿನ ಬಗ್ಗೆ ಕ್ಷಮೆಯನ್ನೂ ಕೇಳಿದೆ. ಅವರು ಕೊನೆಯವರೆಗೆ ಕೇಳಿಸಿಕೊಂಡರು.

“ಕೊನೆಯ ಪಂದ್ಯ ಆಡಿದರು ಅಂದಿರಲ್ಲ,” ಎಂದರು. “ಗೆದ್ದರಾ?”

ಅದನ್ನು ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರೂ ಕೇಳಿರಲಿಲ್ಲ.